ಒಂದು ತಾಟು ಹೆಚ್ಚು

ಮಾರ್ಕೆಟ್ ಯಾರ್ಡಿನ ಹಿಂದಿನ ಆ ಕಟ್ಟಡದಲ್ಲಿ ಬೆಳಗಾಗುವುದು ಸೂರ್ಯನಿಂದಲ್ಲ, ಸಾವಂತ್ರವ್ವನ ಬಾಯಿಂದ ಎಂದು ಎದುರು ಮನೆಯ ರಂಗೂಬಾಯಿ ಹೇಳುತ್ತಿದ್ದಳು. ಹಾಲಿಗೆ ನೀರು ಬೆರೆಸಿದ್ದಕ್ಕೆ ಹಾಲಿನವನಿಗೆ ಮರಾಠಿಯಲ್ಲಿ, ಹಾಸಿಗೆ ಬಿಟ್ಟು ಏಳದ್ದಕ್ಕೆ ಮಗ ಚನ್ನವೀರನಿಗೆ ಕನ್ನಡದಲ್ಲಿ, ಬಾರದ ನೀರಿಗಾಗಿ ನಲ್ಲಿಗೆ ಎರಡೂ ಭಾಷೆಯಲ್ಲಿ ಮಂಗಳಾರತಿ ಆಗುತ್ತಿತ್ತು. ಬೈಯುತ್ತಲೇ ಮಗನ ಡಬ್ಬಿಗೆ ಎರಡು ರೊಟ್ಟಿ ಹೆಚ್ಚು ಹಾಕುವಳು. ಬೈಯುತ್ತಲೇ ಮಗಳು ನೀತಾಳ ಜಡೆ ಹೆಣೆದು, ಕೊನೆಗೆ ಆ ಜಡೆಯನ್ನು ಮುಟ್ಟಿ ದೃಷ್ಟಿ ತೆಗೆಯುವಳು. ಗಂಡ ರಾಮಲಿಂಗಪ್ಪನಿಗೆ ಬಿಪಿ.

"ಉಪ್ಪಿನಕಾಯಿ ಬರಣಿ ಮುಟ್ಟಿದ್ರ ಕೈ ಮುರೀತೀನಿ ನೋಡ್ರಿ," ಎನ್ನುವಳು. ಅವನ ಮುಖ ಸಣ್ಣದಾದರೆ ತಡೆಯಲಾರದೆ ತಾನೇ ಒಂದು ಹೋಳು ತಂದು ತಾಟಿನ ಅಂಚಿಗಿಟ್ಟು, "ನೆಕ್ಕಿ ಬಿಡ್ರಿ, ತಿನಬ್ಯಾಡ್ರಿ," ಎಂದು ಗದರುವಳು.

ಅತ್ತೆ ಬಾಳವ್ವ ಮಾತ್ರ ಈ ಬಾಯಿಗೆ ಎಂದೂ ಹೊಂದಿಕೊಳ್ಳಲಿಲ್ಲ. ಸೊಸೆ ಬಂದು ಇಪ್ಪತ್ತುಮೂರು ವರ್ಷ ಆಗಿದ್ದರೂ ಇಬ್ಬರೂ ಒಂದು ಚಾಪೆಯ ಮೇಲೆ ಕೂತದ್ದನ್ನು ಕಂಡವರಿಲ್ಲ. ಮುದುಕಿಗೆ ಸಾವಂತ್ರವ್ವ ಸೇವೆಯಲ್ಲಿ ಕೊರತೆ ಮಾಡಿದವಳಲ್ಲ. ಬಿಸಿನೀರು, ಮೆತ್ತನೆಯ ರೊಟ್ಟಿ, ಕಾಲಿಗೆ ಎಣ್ಣೆ ಎಲ್ಲವೂ ಹೊತ್ತಿಗೆ ಸರಿಯಾಗಿ ಬರುತ್ತಿದ್ದವು, ಗದ್ದಲದ ಜೊತೆಗೆ. "ಈ ಮನ್ಯಾಗ ಒಂದು ಮೆತ್ತಗಿನ ಮಾತು ಕೇಳಿ ಯಾವ ಕಾಲ ಆತೋ," ಎಂದು ಬಾಳವ್ವ ಬಾಲ್ಕನಿಯಲ್ಲಿ ಕೂತು ತನ್ನಷ್ಟಕ್ಕೆ ಹೇಳಿಕೊಳ್ಳುವಳು.

ತೊಂಬತ್ತೇಳರ ಮಹಾನವಮಿ ಅಮಾವಾಸ್ಯೆಯ ದಿನ ನಡೆದದ್ದು ಇದು. ಇಂಡಿ ತಾಲೂಕಿನಿಂದ ಪುಣೆಗೆ ಬಂದು ಬೆಲ್ಲದ ದಲಾಲಿ ಅಂಗಡಿ ಹಾಕಿದ ಈ ಮನೆತನ ಊರು ಬಿಟ್ಟರೂ ಹಿರಿಯರಿಗೆ ಎಡೆ ಹಾಕುವುದನ್ನು ಬಿಟ್ಟಿರಲಿಲ್ಲ. ಪದ್ಧತಿ ಹೀಗೆ. ಮನೆಯಲ್ಲಿ ತೀರಿಕೊಂಡ ಒಬ್ಬೊಬ್ಬರಿಗೂ ಒಂದೊಂದು ತಾಟು. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ, ಜೊತೆಗೆ ಅವರವರು ಇಷ್ಟಪಡುತ್ತಿದ್ದ ಒಂದು ವಸ್ತು. ಬಡಿಸಿ, ನೀರಿಟ್ಟು, ಕೋಣೆಯ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂತುಕೊಳ್ಳಬೇಕು. ಆಗ ಯಾರೂ ಮಾತಾಡುವಂತಿಲ್ಲ. ಒಂದಿಷ್ಟು ಹೊತ್ತಾದ ಮೇಲೆ ಮನೆಯ ಹಿರಿಯರು ಬಾಗಿಲಿನ ಮುಂದೆ ನಿಂತು ಕೆಮ್ಮಬೇಕು. ಉಣ್ಣಲು ಕೂತವರಿಗೆ ಏಳಲು ಸಮಯ ಬೇಕಲ್ಲ, ಅದಕ್ಕೆ. ಆಮೇಲೆ ಬಾಗಿಲು ತೆಗೆದು, ಆ ತಾಟುಗಳನ್ನೇ ಮನೆಯವರು ಹಂಚಿಕೊಂಡು ಉಣ್ಣುವುದು.

ಈ ಮನೆಯಲ್ಲಿ ಸತ್ತವರು ಐದು ಜನ. ಬಾಳವ್ವನ ಗಂಡ, ಅವನ ಅಪ್ಪ, ಅವ್ವ, ಅಣ್ಣ, ಮತ್ತು ವಿಧವೆಯಾಗಿ ತವರಿನಲ್ಲೇ ಉಳಿದಿದ್ದ ಅವನ ತಂಗಿ. ಬದುಕಿದ್ದವರೂ ಐದು ಜನ. ಹಾಗಾಗಿ ಹಂಚುವುದರಲ್ಲಿ ಎಂದೂ ತಕರಾರು ಬಂದದ್ದಿಲ್ಲ.

ಬಡಿಸುವ ಹೊತ್ತಿಗೇ ಗ್ಯಾಸ್ ಸಿಲಿಂಡರಿನವನು ಬಂದ. ಸಿಲಿಂಡರನ್ನು ಮೇಲಕ್ಕೆ ಹೊರುವುದಿಲ್ಲ ಎಂದ. ಸಾವಂತ್ರವ್ವ ಸೌಟು ಹಿಡಿದೇ ಮೆಟ್ಟಿಲಿಗೆ ಹೋಗಿ ಅವನ ಏಳು ತಲೆಮಾರನ್ನು ವಿಚಾರಿಸಿಕೊಂಡಳು. ಸಿಲಿಂಡರ್ ಮೇಲೆ ಬಂತು. ಅವಳು ಕೆಂಪು ಮುಖ ಮಾಡಿಕೊಂಡು ತಿರುಗಿ ಬಂದು, ಉಳಿದ ತುಪ್ಪ ಹಾಕಿ, ತಾಟುಗಳ ಕಡೆ ಸರಿಯಾಗಿ ನೋಡದೆಯೇ ಬಾಗಿಲು ಎಳೆದುಕೊಂಡಳು.

ಹೊರಗೆ ಐವರೂ ಕೂತರು. ಫ್ಯಾನು ನಿಂತಿತ್ತು, ಕರೆಂಟು ಹೋಗಿತ್ತು. ಕೆಳಗೆ ಟೆಂಪೋಗಳ ಸದ್ದೂ ಆ ಕ್ಷಣಕ್ಕೆ ಇಲ್ಲವಾಯಿತು. ಮುಚ್ಚಿದ ಬಾಗಿಲಿನ ಒಳಗೆ ಲೋಟ ಸರಿದಂತಹ ಒಂದು ಸಣ್ಣ ಸಪ್ಪಳ ಕೇಳಿತು. ನೀತಾ ಅವ್ವನ ಸೆರಗು ಹಿಡಿದಳು. ಬಾಳವ್ವ ಎದ್ದು ಕೆಮ್ಮಿ ಬಾಗಿಲು ತೆರೆದಳು. ಒಳಗೆ ಆರು ತಾಟುಗಳಿದ್ದವು.

ಐದು ಒಂದು ಸಾಲಿನಲ್ಲಿ. ಆರನೆಯದು ಸ್ವಲ್ಪ ದೂರ, ಗೋಡೆಯ ಹತ್ತಿರ, ಸಾಲಿಗೆ ಸೇರಲು ನಾಚಿದವರಂತೆ. ಅದರಲ್ಲೂ ಎಲ್ಲ ಬಡಿಸಿತ್ತು. ನೀರಿನ ಲೋಟವೂ ಇತ್ತು.

"ಯಾರೋ ಗೆಸ್ಟ್ ಬಂದಾರ," ಎಂದ ಚನ್ನವೀರ. ಯಾರೂ ನಗಲಿಲ್ಲ.

"ನಾ ಐದಽ ಹಾಕೀನಿ," ಎಂದಳು ಸಾವಂತ್ರವ್ವ. "ಎಣಿಸಿ ಹಾಕೀನಿ."

"ಎಣಿಸಿದ್ಯೋ, ಮೆಟ್ಟಲದ ಮ್ಯಾಲ ಒದರಿದ್ಯೋ," ಎಂದಳು ಬಾಳವ್ವ. "ಬದುಕಿದ್ದವರ ಹೆಸರಿಗೆ ಎಡಿ ಬೀಳಬಾರದವ್ವ. ಬಿದ್ರ ಅದು ಕರದಂಗ. ಮುಂದಿನ ಅಮಾಸಿಯೊಳಗ ಯಾರರೆ ಒಬ್ಬರು ಎದ್ದು ಹೋಗತಾರ. ನಮ್ಮ ಅತ್ತಿ ಕಾಲದಾಗ ಹಂಗಽ ಆಗಿತ್ತು."

"ಅವ್ವಾ, ಸುಮ್ಮನಿರು," ಎಂದ ರಾಮಲಿಂಗಪ್ಪ. ಅವನು ತಲೆ ಎತ್ತಲಿಲ್ಲ. "ಅದನ್ನ ಆಕಳಿಗೆ ಹಾಕಿ ಬರ್ರಿ. ಊಟ ಮಾಡೂಣು."

ಅತ್ತೆಗೆ ಎದುರು ಮಾತಾಡದೆ ಸಾವಂತ್ರವ್ವ ಆ ತಾಟು ಎತ್ತಿಕೊಂಡು ಕೆಳಗಿಳಿದದ್ದು ಆ ದಿನದ ಇನ್ನೊಂದು ವಿಚಿತ್ರ. ಕಟ್ಟಡದ ಹಿಂದೆ ಯಾರದೋ ಆಕಳು ಕೊಳೆತ ಟೊಮೆಟೊ ಮೇಯುತ್ತಿತ್ತು. ಅದು ತಾಟನ್ನು ಮೂಸಿತು, ಹಿಂದೆ ಸರಿಯಿತು, ಇನ್ನೊಮ್ಮೆ ಮೂಸಿ ಬೆನ್ನು ತಿರುಗಿಸಿ ಹೋಗಿಬಿಟ್ಟಿತು. ಕೊಳೆತ ಟೊಮೆಟೊ ತಿನ್ನುವ ಆಕಳು ತುಪ್ಪದ ಹೋಳಿಗೆ ಬಿಟ್ಟಿತೆಂದರೆ ಅತ್ತೆ ಹೇಳಿದ್ದು ಖರೆಯೇ ಎಂದು ಸಾವಂತ್ರವ್ವ ನಂಬಿದಳು. ಮೇಲೆ ಇಬ್ಬರು ಮಕ್ಕಳು, ಬಿಪಿಯ ಗಂಡ. ತನ್ನ ಹಾಳು ಸಿಟ್ಟಿನಿಂದ ತಾನೇ ಅವರಲ್ಲೊಬ್ಬರನ್ನು ಸತ್ತವರ ಪಂಕ್ತಿಗೆ ಕರೆದುಬಿಟ್ಟೆನಲ್ಲ ಎಂದು ಅವಳಿಗೆ ಅಳು ಬಂತು. ಅಳುತ್ತಲೇ ಅಲ್ಲಿಯ ಕಟ್ಟೆಯ ಮೇಲೆ ಕೂತು ಅವಳು ಆ ತಾಟನ್ನು ತಾನೇ ಉಂಡಳು.

"ಕರಿಯೂದಿದ್ರ ನನ್ನ ಕರಕೋ," ಎಂದಳು ತುತ್ತು ನುಂಗುತ್ತ, ಯಾರಿಗೆಂದು ಗೊತ್ತಿಲ್ಲದೆ. "ನನ್ನ ಮಕ್ಕಳ ಕಡೆ ನೋಡಿದ್ರ ಕಣ್ಣು ಕೀಳತೀನಿ."

ಅದೇ ಆ ದಿನದ ಅವಳ ಕೊನೆಯ ಬೈಗುಳ. ಮೇಲೆ ಬಂದು, ಆಕಳು ತಿಂದಿತು ಎಂದಷ್ಟೇ ಹೇಳಿದಳು.

ಮರುದಿನ ಕಟ್ಟಡಕ್ಕೆ ಬೆಳಗಾಗಲಿಲ್ಲ. ಚನ್ನವೀರ ಕಾಲೇಜಿನ ಬಸ್ಸು ತಪ್ಪಿಸಿಕೊಂಡ. ರಂಗೂಬಾಯಿ ಹಾಲು ತರಲು ಮರೆತಳು. ಸಾವಂತ್ರವ್ವ ಒಲೆಯ ಮುಂದೆ ಸುಮ್ಮನೆ ರೊಟ್ಟಿ ಬಡಿಯುತ್ತಿದ್ದಳು.

"ಎಬ್ಬಿಸಲಿಲ್ಲಲ್ಲ ಬೇ," ಎಂದ ಚನ್ನವೀರ.

"ಮಲಗಿದ್ದಿ. ಇರಲಿ ಅಂದೆ," ಎಂದಳು. ದನಿ ಎಷ್ಟು ತಗ್ಗಿತ್ತೆಂದರೆ ಅವನು ಇನ್ನೊಮ್ಮೆ ಕೇಳಬೇಕಾಯಿತು.

ಮೊದಲ ವಾರ ಎಲ್ಲರಿಗೂ ಹಬ್ಬವೇ. ರಾಮಲಿಂಗಪ್ಪ ಎರಡು ಸಲ ಉಪ್ಪಿನಕಾಯಿ ಹಾಕಿಸಿಕೊಂಡು ಉಂಡ. ಚನ್ನವೀರ ಕ್ರಿಕೆಟ್ ನೋಡುತ್ತ ಟಿವಿಯ ಮುಂದೆಯೇ ಊಟ ಮಾಡಿದ. ಬಾಳವ್ವನಿಗಂತೂ ಕೇಳುವುದೇ ಬೇಡ. ಸೊಸೆ ಮಧ್ಯಾಹ್ನ ಬಂದು ಪಕ್ಕದಲ್ಲೇ ಕೂತು ಅವಳ ಬಿಳಿ ತಲೆಯನ್ನು ಬಾಚತೊಡಗಿದ್ದಳು. ಬಾಚುತ್ತ ಮೂಗಿನಲ್ಲೇ ಏನೋ ಗುನುಗುತ್ತಿದ್ದಳು. ಮೊದಲ ದಿನ ಬಾಳವ್ವ ಅಳುಕಿದಳು. ಮೂರನೆಯ ದಿನ ತಾನೇ ಬಾಚಣಿಗೆ ಹಿಡಿದು ಕಾಯುತ್ತಿದ್ದಳು.

ಎರಡನೆಯ ವಾರ ಆ ಮೌನ ಮಕ್ಕಳಿಗೆ ಬೇಡವಾಯಿತು. ಸಾವಂತ್ರವ್ವ ನೀತಾಳನ್ನು ಕರೆದು ಮಸಾಲೆ ಖಾರ ಹೇಗೆ ಹುರಿಯಬೇಕು, ಅಪ್ಪನಿಗೆ ಉಪ್ಪು ಎಷ್ಟು, ಅಜ್ಜಿಯ ಗುಳಿಗೆ ಯಾವ ಡಬ್ಬಿಯಲ್ಲಿ ಎಂದೆಲ್ಲ ಹೇಳಿಕೊಟ್ಟಳು. ತನ್ನ ಇಳಕಲ್ ಸೀರೆಗಳನ್ನು ಬಿಸಿಲಿಗೆ ಹಾಕಿ, ಮಡಚಿ, ಮಗಳ ಕಪಾಟಿನಲ್ಲಿಟ್ಟಳು.

"ನಿನ್ನ ಸೀರಿ ನನಗ್ಯಾಕ?" ಎಂದಳು ನೀತಾ.

"ನಿನಗಽ ಒಪ್ಪತಾವ."

"ನೀ ಎಲ್ಲಿಗೆ ಹೊಂಟಿ?"

"ಎಲ್ಲಿಗೂ ಇಲ್ಲ ಬಿಡವ್ವ," ಎಂದು ನಕ್ಕಳು. ಅವ್ವ ಹಾಗೆ ಬಾಯಿ ಮುಚ್ಚಿ ನಗುವುದನ್ನು ನೀತಾ ಎಂದೂ ಕಂಡಿರಲಿಲ್ಲ. ಅದು ಬೇರೆ ಯಾರದೋ ನಗೆಯಾಗಿತ್ತು.

ಬೇರೆಯವೂ ಒಂದೊಂದೇ ಕಂಡವು. ಹುಣಸೆಹಣ್ಣು ಕಂಡರೆ ಹಲ್ಲು ಜುಮ್ಮೆನ್ನುತ್ತದೆ ಎನ್ನುತ್ತಿದ್ದವಳು ಈಗ ಹುಣಸೆ, ಬೆಲ್ಲ, ಜೀರಿಗೆ ಕುಟ್ಟಿ ಉಂಡೆ ಮಾಡಿ ಚೀಪುತ್ತಿದ್ದಳು. ಬೈತಲೆಯನ್ನು ನಡುವಿನ ಬದಲು ಎಡಕ್ಕೆ ತೆಗೆಯುತ್ತಿದ್ದಳು. ರಂಗೂಬಾಯಿ ಬಾಗಿಲಲ್ಲಿ ನಿಂತು, "ವಹಿನಿ, ತಬ್ಯೇತ ಬರೀ ಆಹೇ ನಾ?" ಎಂದು ಆರೋಗ್ಯ ವಿಚಾರಿಸಿದರೆ ಮೆಲ್ಲಗೆ ತಲೆಯಾಡಿಸಿ ಒಳಗೆ ಹೋಗುತ್ತಿದ್ದಳು. ಡಾಕ್ಟರ ಹತ್ತಿರ ಹೋಗೋಣ ಎಂದರೆ, "ನನಗೇನಾಗೇದ," ಎನ್ನುತ್ತಿದ್ದಳು.

ಒಂದು ಸಂಜೆ ಅಡುಗೆ ಮನೆಯಿಂದ ಆ ಗುನುಗು ಬಂದಾಗ ರಾಮಲಿಂಗಪ್ಪ ಚಹಾ ಕುಡಿಯುತ್ತಿದ್ದ. ಬಸಿ ಕೈಯಲ್ಲೇ ಉಳಿಯಿತು. ಅಂಗಡಿಯಲ್ಲಿ ಏನೋ ಮರೆತೆ ಎಂದು ಎದ್ದವನು ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಮಗನ ಚಪ್ಪಲಿ ಮೆಟ್ಟಿಕೊಂಡು ಹೋದ.

"ಅಜ್ಜಿ, ಅವ್ವ ಈ ರಾಗ ಎಲ್ಲಿ ಕಲತಳು?" ಎಂದು ನೀತಾ ಬಾಲ್ಕನಿಗೆ ಹೋಗಿ ಕೇಳಿದಳು.

"ಆಕಿ ಕಲತಿಲ್ಲ," ಎಂದಳು ಬಾಳವ್ವ. ಆಮೇಲೆ, "ನಿನಗೊಬ್ಬಾಕಿ ಸೋದರತ್ತಿ ಇದ್ದಳು. ನಿಮ್ಮಪ್ಪನ ಅಕ್ಕ, ನರ್ಮದಾ. ಆಕಿ ಹಿಂಗಽ ಗುನುಗತಿದ್ದಳು," ಎಂದಳು.

"ಇದ್ದಳು ಅಂದ್ರ? ಸತ್ತಾಳೇನು?"

"ನಿಮ್ಮ ಅಜ್ಜ ಸತ್ತಳು ಅಂದ್ರು."

ನರ್ಮದಾ ಇಪ್ಪತ್ತೈದು ವರ್ಷದ ಹಿಂದೆ ಅಂಗಡಿಯ ಗುಮಾಸ್ತ ಮಧುಕರನನ್ನು ಮದುವೆಯಾಗಿದ್ದಳು. ಮರಾಠಿಯವನು, ಬೇರೆ ಜಾತಿಯವನು. ಬಾಳವ್ವನ ಗಂಡ ತಲೆಗೆ ನೀರು ಹಾಕಿಕೊಂಡು, ಮಗಳು ಸತ್ತಳು ಎಂದು ಹೇಳಿ, ಅವಳ ಫೋಟೋಗಳನ್ನು ಒಲೆಗೆ ಹಾಕಿದ್ದ. ಆ ಹೆಸರು ಮನೆಯಲ್ಲಿ ನಿಂತುಹೋಯಿತು. ಹಾಗೆ ಹೇಳಿದವನು ತೀರಿಕೊಂಡು ನಾಲ್ಕು ವರ್ಷವಾಗಿದ್ದರೂ ಆ ಮಾತನ್ನು ಮೀರುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಸಾವಂತ್ರವ್ವ ಗಂಡನ ಈ ಅಕ್ಕನ ಬಗ್ಗೆ ಕೇಳಿದ್ದಳಷ್ಟೇ, ಕಂಡವಳಲ್ಲ.

"ಈಗ ಎಲ್ಲಿದ್ದಾಳ?" ಎಂದಳು ನೀತಾ.

"ಯೆರವಡಾದಾಗ ಅಂತ. ಒಂದಽ ಊರು ನೋಡು," ಎಂದು ಬಾಳವ್ವ ರಸ್ತೆಯ ಕಡೆ ಮುಖ ತಿರುಗಿಸಿದಳು. "ಮೆತ್ತಗಿನ ಮಾತಿನಾಕಿ."

ಮೂರನೆಯ ವಾರ ಚನ್ನವೀರನಿಗೆ ತಡೆಯಲಾಗಲಿಲ್ಲ. ಬೈಸಿಕೊಂಡರೆ ಅವ್ವ ಸರಿಹೋದಾಳು ಎಂದು ಉಪಾಯ ಹೂಡಿದ. ಮೊದಲು ನೀತಾ ಬೇಕೆಂದೇ ಹಾಲು ಉಕ್ಕಿಸಿದಳು. ಸಾವಂತ್ರವ್ವ ಒರೆಸಿದಳು. ಆಮೇಲೆ ಚನ್ನವೀರ ಅವಳ ಪ್ರೀತಿಯ ಗಾಜಿನ ಬರಣಿಯನ್ನು, ಆ ವರ್ಷದ ಲಿಂಬೆ ಉಪ್ಪಿನಕಾಯಿ ಸಹಿತ, ಅವಳ ಕಣ್ಣೆದುರೇ ನೆಲಕ್ಕೆ ಬಿಟ್ಟ. ಬೇರೆ ಕಾಲದಲ್ಲಾದರೆ ಆ ಗದ್ದಲ ಕಾತ್ರಜದವರೆಗೆ ಕೇಳುತ್ತಿತ್ತು. ಸಾವಂತ್ರವ್ವ ಬಗ್ಗಿ ಗಾಜು ಆರಿಸತೊಡಗಿದಳು.

"ಕಾಲು ಇಡಬ್ಯಾಡಪ್ಪ, ಚುಚ್ಚೀತು," ಎಂದಳು.

"ಬೈಯವ್ವ ನನಗ," ಎಂದ ಹತ್ತೊಂಬತ್ತು ವರ್ಷದ ಹುಡುಗ. "ಒಂದು ಸಲ ಬೈ." ಹೇಳುತ್ತಲೇ ಅತ್ತುಬಿಟ್ಟ. ಅವಳು ಅವನ ಕೆನ್ನೆ ಮುಟ್ಟಿದಳು. ಆ ಕೈ ತಣ್ಣಗಿತ್ತು.

ಇನ್ನೊಂದು ಮಧ್ಯಾಹ್ನ ನೀತಾ ಕಾಲೇಜಿನಿಂದ ಬೇಗ ಬಂದಳು. ಬಾಗಿಲು ತೆರೆದೇ ಇತ್ತು, ಮನೆಯಲ್ಲಿ ಸದ್ದಿಲ್ಲ. ಬಾಲ್ಕನಿಯ ಚಾಪೆಯ ಮೇಲೆ ಅವ್ವ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಅಜ್ಜಿ ಅವಳ ಕೂದಲಲ್ಲಿ ಬೆರಳಾಡಿಸುತ್ತಿದ್ದಳು. ನೀತಾಳನ್ನು ಕಂಡು ಬಾಳವ್ವ ತುಟಿಯ ಮೇಲೆ ಬೆರಳಿಟ್ಟಳು. ಅಷ್ಟರಲ್ಲಿ ಸಾವಂತ್ರವ್ವ ಕಣ್ಣು ತೆರೆಯದೆ, "ಯವ್ವಾ, ಹೊತ್ತು ಮುಳುಗಿತೇನು?" ಎಂದಳು.

ಇಪ್ಪತ್ತುಮೂರು ವರ್ಷ ಅವಳು ಬಾಳವ್ವನನ್ನು ಅತ್ತಿ ಎಂದೇ ಕರೆದವಳು.

"ಇಲ್ಲವ್ವ, ಇನ್ನೂ ಅದ. ಮಲಗು," ಎಂದಳು ಬಾಳವ್ವ. ಅವಳ ಮುಖದಲ್ಲಿ ನೀತಾ ಎಂದೂ ನೋಡದ ಬೆಳಕಿತ್ತು. ನೀತಾಳಿಗೆ ಭಯವಾಯಿತು. ಚೀಲವನ್ನು ಸಪ್ಪಳವಾಗದಂತೆ ಇಟ್ಟು ರಂಗೂಬಾಯಿಯ ಮನೆಗೆ ಹೋಗಿ, ಸಂಜೆಯಾಗುವವರೆಗೆ ಅಲ್ಲೇ ಕೂತಳು. ಎದ್ದ ಮೇಲೆ ಸಾವಂತ್ರವ್ವನಿಗೆ ತಾನು ಎಲ್ಲಿ ಮಲಗಿದ್ದೆ ಎಂಬುದೇ ನೆನಪಿರಲಿಲ್ಲ.

ದೀಪಾವಳಿಯ ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಅವಳು ಚಕ್ಕುಲಿ ಕರಿಯುತ್ತಿದ್ದಳು. ಮಕ್ಕಳು ಒಳಕೋಣೆಯಲ್ಲಿ, ಬಾಳವ್ವ ಬಾಲ್ಕನಿಯಲ್ಲಿ. ರಾಮಲಿಂಗಪ್ಪ ನೀರು ಕೇಳಲು ಅಡುಗೆ ಮನೆಗೆ ಬಂದ.

"ಇಲ್ಲಿ ಕೂಡ್ರಿ ಸ್ವಲ್ಪ," ಎಂದಳು. "ನಾಳೆ ಅಮಾಸಿ. ಒಂದು ಮಾತು ಹೇಳೂದದ. ನೀತಾನ್ನ ಭಾಳ ದೂರ ಕೊಡಬ್ಯಾಡ್ರಿ. ಚನ್ಯಾಗ ಬೆಳಿಗ್ಗೆ ಎಬ್ಬಿಸ್ರಿ, ಅಂವ ತಾನಾಗಿ ಏಳಾಂವಲ್ಲ. ಉಪ್ಪಿನಕಾಯಿ ಬಿಡ್ರಿ."

"ಏನ್ ಮಾತದು? ಯಾಕ ಹಿಂಗ ಮಾತಾಡ್ತಿ?"

"ಆ ತಾಟು ಆಕಳು ತಿನ್ನಲಿಲ್ರಿ. ನಾ ಉಂಡೆ. ಮಕ್ಕಳಿಗೆ ಏನೂ ಆಗಬಾರದಂತ."

ರಾಮಲಿಂಗಪ್ಪ ಗೋಡೆ ಹಿಡಿದುಕೊಂಡ.

"ನೀ ಯಾಕ ಉಂಡಿ," ಎಂದ. "ಅದು ನಮ್ಮ ಅಕ್ಕಂದು."

ಬಾಣಲೆಯಲ್ಲಿ ಚಕ್ಕುಲಿ ಕಪ್ಪಾಗತೊಡಗಿತ್ತು. ಅವನು ತಗ್ಗಿದ ದನಿಯಲ್ಲಿ ಹೇಳಿದ. ಶ್ರಾವಣದಲ್ಲಿ ಮಧುಕರ ಅಂಗಡಿಗೆ ಬಂದಿದ್ದ. ಕೂತುಕೊಳ್ಳಲಿಲ್ಲ. ನರ್ಮದಾ ಕಾಮಾಲೆಯಾಗಿ ತೀರಿಕೊಂಡಳು, ಮಣ್ಣು ಆಯಿತು, ತಿಳಿಸಬೇಕೆಂದು ಬಂದೆ ಎಂದು ಹೇಳಿ ಹೋದ. ಅವ್ವನಿಗೆ ಹೇಳಿದರೆ ಅವ್ವ ಉಳಿಯುವುದಿಲ್ಲ ಎಂದು ಇವನು ಯಾರಿಗೂ ಹೇಳಲಿಲ್ಲ. ಅಮಾವಾಸ್ಯೆಯ ದಿನ ಹೆಂಡತಿ ಸಿಲಿಂಡರಿನವನ ಜೊತೆ ಮೆಟ್ಟಿಲ ಮೇಲಿದ್ದಾಗ, ಎಲ್ಲರ ಕಣ್ಣು ತಪ್ಪಿಸಿ ಒಂದು ತಾಟು ಹಾಕಿ, ಗೋಡೆಯ ಹತ್ತಿರ ಇಟ್ಟಿದ್ದ.

"ಅಪ್ಪನ ತಾಟಿನ ಬಾಜೂಕ ಇಡಾಕ ಧೈರ್ಯ ಬರಲಿಲ್ಲ," ಎಂದ.

ಸಾವಂತ್ರವ್ವ ಅವನನ್ನೇ ನೋಡುತ್ತ ನಿಂತಳು. ಮಕ್ಕಳು ಬದುಕಿದರು. ಗಂಡ ಬದುಕಿದ. ತಾನೂ ಬದುಕಿದೆ. ಮೊದಲು ಬಂದದ್ದು ಈ ಸಂತೋಷ, ಅದು ಸುಳ್ಳಲ್ಲ. ಅದರ ಬೆನ್ನಿಗೇ ಒಂದು ತಿಂಗಳಿಂದ ಹೊಟ್ಟೆಯಲ್ಲಿ ಕೂಡಿದ್ದೆಲ್ಲ ಉಕ್ಕಿ ಬಂತು.

"ನಾಚಿಕಿ ಆಗೂದಿಲ್ಲೇನ್ರಿ ನಿಮಗ," ಎಂದಳು. ಚಕ್ಕುಲಿ ಎತ್ತುವ ಝಾರಿ ಒಲೆಯ ಕಟ್ಟೆಗೆ ಬಡಿಯಿತು. ಕಟ್ಟಡದ ಪಾರಿವಾಳಗಳೆಲ್ಲ ಒಮ್ಮೆಗೇ ಹಾರಿದವು. "ನಾ ಇಲ್ಲಿ ದಿನಾ ಸಾಯಾಕತ್ತೀನಿ, ಮಗಳ ಕೈಯಾಗ ಸೀರಿ ಕೊಟ್ಟು ಕೂತೀನಿ, ನೀವು ಎರಡೆರಡು ಸಲ ಉಪ್ಪಿನಕಾಯಿ ಹಾಕ್ಕೊಂಡು ಉಂಡ್ರಿ. ಯೆರವಡಾ ಎಷ್ಟು ದೂರ ಅದರೀ? ಸಿಟಿ ಬಸ್ಸಿನಾಗ ಕೂತ್ರ ಒಂದು ತಾಸು. ಅಕ್ಕ ಇದ್ದಾಗ ಹೋಗಿ ಮಾರಿ ನೋಡಾಕ ಆಗಲಿಲ್ಲ, ಸತ್ತ ಮ್ಯಾಲ ಕದ್ದು ಎಡಿ ಇಡಾಕ ಆತು. ನರ್ಮದಾ ಸತ್ತಾಳಂತ ಹೇಳಾಕ ಬಾಯಿ ಬಿದ್ದು ಹೋಗಿತ್ತೇನು?"

ಮಕ್ಕಳು ಓಡಿ ಬಂದರು. ಏನು ಎತ್ತ ಎಂದು ತಿಳಿಯುವ ಮೊದಲೇ ಇಬ್ಬರ ಮುಖವೂ ಅರಳಿತು. "ಅವ್ವ ಬಂದ್ಲು," ಎಂದ ಚನ್ನವೀರ. ಎದುರು ಬಾಗಿಲು ತೆರೆದ ಸದ್ದಾಯಿತು, ರಂಗೂಬಾಯಿ ನಗುತ್ತಿದ್ದಳು. ಸಾವಂತ್ರವ್ವ ಮಗನ ಕಡೆ ತಿರುಗಿ, "ಹಲ್ಲು ಏನು ತೋರಸ್ತಿ, ಬರಣಿ ಒಡದ ಭಾಡಕೌ," ಎಂದಳು. ಅವನು ನಕ್ಕ, ಕಣ್ಣೊರೆಸಿಕೊಂಡ.

ಆಮೇಲೆ ನೀತಾ ಅವ್ವನ ಹಿಂದೆ ನೋಡಿದಳು. ಎಲ್ಲರೂ ನೋಡಿದರು.

ಬಾಳವ್ವ ಅಡುಗೆ ಮನೆಯ ಹೊಸ್ತಿಲಲ್ಲಿ ಗೋಡೆಗೆ ಆತು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಅಷ್ಟು ದೊಡ್ಡ ದನಿಯಲ್ಲಿ ಹೇಳಿದ್ದನ್ನು ಕೇಳಿಸಿಕೊಳ್ಳಲು ಯಾರೂ ಹತ್ತಿರ ಬರಬೇಕಾಗಿರಲಿಲ್ಲ.

"ಅವ್ವಾ," ಎಂದ ರಾಮಲಿಂಗಪ್ಪ.

ಮುದುಕಿ ಮಗನ ಕಡೆ ನೋಡಲಿಲ್ಲ. ಅಳಲೂ ಇಲ್ಲ. ಹೊಸ್ತಿಲ ಮೇಲೆ ನಿಧಾನವಾಗಿ ಕುಸಿದು ಕೂತು, ಸೊಸೆಯ ಮುಖವನ್ನು ಹುಡುಕುವವಳಂತೆ ದಿಟ್ಟಿಸಿದಳು.

"ನನಗ ಗೊತ್ತಾಗಿತ್ತು," ಎಂದಳು. "ನೀ ನನ್ನ ತಲಿ ಬಾಚಿದ ಮೊದಲನೇ ದಿನಾನಽ ಗೊತ್ತಾತು. ಒಂದು ತಿಂಗಳು ಮನ್ಯಾಗ ಇದ್ದಳು. ನನ್ನ ತೊಡಿ ಮ್ಯಾಲ ಮಲಗಿದಳು. ಯವ್ವಾ ಅಂದಳು." ಉಸಿರು ಎಳೆದುಕೊಂಡಳು. "ಈಗ ನೀ ಒದರಿದಿ ನೋಡು, ಹೋದಳು."

ಒಲೆ ಉರಿಯುತ್ತಲೇ ಇತ್ತು.

"ಇನ್ನೊಂದೀಟು ದಿನ ಸುಮ್ಮನಿರಬೇಕಿತ್ತವ್ವ ನೀನು," ಎಂದಳು ಬಾಳವ್ವ.

ಸಾವಂತ್ರವ್ವನ ಕೈಯಿಂದ ಝಾರಿ ಕೆಳಗೆ ಬಿತ್ತು. ಅವಳು ಬಂದು ಅತ್ತೆಯ ಪಕ್ಕ ನೆಲದ ಮೇಲೆ ಕೂತಳು, ಆ ಒಣಗಿದ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಯವ್ವಾ ಎಂದು ಮೆಲ್ಲಗೆ ಕರೆಯಲು ಬಾಯಿ ತೆರೆದಳು. ದನಿ ತಗ್ಗಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದಳು. ಮೂರನೆಯ ಸಲ ಬಂದದ್ದೂ ಅವಳದೇ ದನಿ, ಇಡೀ ಕಟ್ಟಡಕ್ಕೆ ಕೇಳುವಂಥದ್ದು.